ಪೂಜೆಗೆ ಮುಂಚಿನ ಗಾಳಿ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ ನಾನು ನಂಜನಗೂಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಹೆಸರು ಕೇಳಿದ ಕೂಡಲೇ ಜನ ಮಂಡಿ ತೋರಿಸುತ್ತಾರೆ, ಇಲ್ಲವೇ ಸೊಂಟ ಹಿಡಿದುಕೊಳ್ಳುತ್ತಾರೆ. ನನ್ನ ಕೆಲಸ ಮಂಡಿಯದಲ್ಲ, ಎದೆಯದು. ಶ್ವಾಸಕೋಶದ ಕಾಯಿಲೆಯಾದವರಿಗೆ, ಎದೆಯ ಆಪರೇಷನ್ ಆದವರಿಗೆ ಮತ್ತೆ ಸರಿಯಾಗಿ ಉಸಿರಾಡುವುದನ್ನು, ಕೆಮ್ಮಿ ಕಫ ತೆಗೆಯುವುದನ್ನು, ಏದುಸಿರಿಲ್ಲದೆ ನಡೆಯುವುದನ್ನು ಅಭ್ಯಾಸ ಮಾಡಿಸುವುದು. ಇದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಷನ್ ಎಂಬ ಉದ್ದನೆಯ ಹೆಸರಿದೆ. ತಗಡೂರಿನ ಕಡೆಯ ನಮ್ಮೂರಿನಲ್ಲಿ ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು, "ಉಸ್ರಾಡೋದ ಕಲ್ಸಕ್ಕೂ ಸಂಬ್ಳ ಕೊಟ್ಟಾರಾ ಮಗ?" ಎಂದು ನಕ್ಕಿದ್ದರು. ಕೊಡುತ್ತಾರೆ, ಆದರೆ ಹೇಳಿಕೊಳ್ಳುವಷ್ಟಲ್ಲ.

ವಾರಕ್ಕೆ ಎರಡು ಮಧ್ಯಾಹ್ನ ನಾನು ಬಸ್ಸು ಹಿಡಿದು ತಿ. ನರಸೀಪುರದ ಕಡೆಗೆ ಹೋಗುತ್ತಿದ್ದೆ. ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ ಮುಗಿಸಿಕೊಂಡು ಬಂದವರನ್ನು ಮನೆಯಲ್ಲೇ ನೋಡುವ ಕೆಲಸ ಅದು. ಹಾಗೆ ನೋಡಿದವರಲ್ಲಿ ಶಿವನಂಜಮ್ಮ ಒಬ್ಬರು. ಸೋಸಲೆಗೆ ಹೋಗುವ ದಾರಿಯ ಹಳ್ಳಿಯವರು, ಅರವತ್ತು ದಾಟಿದ ಲಿಂಗಾಯತ ಹೆಂಗಸು. ಜೀವನವೆಲ್ಲ ಹಿಪ್ಪುನೇರಳೆ ಸೊಪ್ಪು ಕುಯ್ದು ರೇಷ್ಮೆ ಹುಳ ಸಾಕಿದವರು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಮನೆಯಲ್ಲಿ ಸೇದುವವರೂ ಇರಲಿಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಸೇದದವರಿಗೂ ಬರುತ್ತದೆ, ಯಾಕೆ ಎಂದು ಕೇಳಿದರೆ ಡಾಕ್ಟರರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರಿಸುತ್ತಾರೆ.

ನಮ್ಮ ಬಲ ಶ್ವಾಸಕೋಶದಲ್ಲಿ ಮೂರು ಭಾಗ, ಎಡದಲ್ಲಿ ಎರಡು. ಈ ಭಾಗಕ್ಕೆ ಲೋಬ್ ಎನ್ನುತ್ತಾರೆ. ಶಿವನಂಜಮ್ಮನವರ ಎಡಗಡೆಯ ಕೆಳಗಿನ ಲೋಬನ್ನು, ಗಡ್ಡೆಯ ಸಮೇತ, ತೆಗೆದುಹಾಕಿದ್ದರು. ಉಳಿದ ಭಾಗ ನಿಧಾನವಾಗಿ ಹಿಗ್ಗಿ ಆ ಜಾಗ ತುಂಬಿಕೊಳ್ಳಬೇಕು. ಅಲ್ಲಿಯವರೆಗೆ ಕೆಲವರಿಗೆ ಕೆಲವು ವಾರ ಮನೆಯಲ್ಲೂ ಆಕ್ಸಿಜನ್ ಬೇಕಾಗುತ್ತದೆ. ಇವರಿಗೂ ಒಂದು ಕಾನ್ಸಂಟ್ರೇಟರ್ ಬಾಡಿಗೆಗೆ ತಂದಿದ್ದರು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ನೈಟ್ರೋಜನ್ ತಡೆಹಿಡಿದು, ಆಕ್ಸಿಜನ್ ಹೆಚ್ಚಿರುವ ಗಾಳಿಯನ್ನು ಕೊಡುವ ಯಂತ್ರ. ಆ ಗಾಳಿ ಒಂದು ನೀರಿನ ಸೀಸೆಯ ಮೂಲಕ ಬುಳುಬುಳು ಎಂದು ಹಾದು, ತೇವವಾಗಿ, ಸಣ್ಣ ಪೈಪಿನಲ್ಲಿ ಮೂಗಿಗೆ ಬರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುತ್ತದೆ. ಕೋವಿಡ್ ಕಾಲದಿಂದ ಹಳ್ಳಿಯವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ತೊಂಬತ್ತೈದು ಎಂದರೆ ನಗುತ್ತಿದ್ದರು, ತೊಂಬತ್ತರ ಕೆಳಗೆ ಎಂದರೆ ಕಾರು ಹುಡುಕುತ್ತಿದ್ದರು.

ಮನೆಯಲ್ಲಿ ಇನ್ನಿಬ್ಬರು. ಮಗ ಮಹದೇವ, ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನು. ಸೊಸೆ ಸುಧಾ. ಇಬ್ಬರೂ ಶಿವನಂಜಮ್ಮನವರನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರು. ನನಗೆ ತೊಂದರೆ ಕೊಡುತ್ತಿದ್ದವರು ರೋಗಿಯೇ. ಉಸಿರು ಎಳೆಯುವ ಅಭ್ಯಾಸಕ್ಕೆ ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಉಪಕರಣ ಇದೆ, ಸ್ಪೈರೋಮೀಟರ್. ಉಸಿರು ಎಳೆದಷ್ಟೂ ಚೆಂಡುಗಳು ಮೇಲೇರುತ್ತವೆ. ಅದನ್ನು ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ಗೋಲಿ ಆಡೋ ವಯಸ್ಸಾ ಕೂಸು ನಂದು?" ಎಂದು ಮಂಚದ ಕೆಳಗೆ ಇಟ್ಟುಬಿಟ್ಟರು. ಎಡ ತೋಳನ್ನು ಮೇಲೆತ್ತುವ ವ್ಯಾಯಾಮವನ್ನು ಮಾತ್ರ ನೋವಿದ್ದರೂ ಕೇಳಿ ಕೇಳಿ ಮಾಡುತ್ತಿದ್ದರು. ಪಕ್ಕೆಲುಬಿನ ನಡುವೆ ಕುಯ್ದ ಗಾಯವಾದ್ದರಿಂದ ಆ ಭುಜ ಬಿಗಿದಿತ್ತು. ಇದೊಂದಕ್ಕೆ ಮಾತ್ರ ಯಾಕಿಷ್ಟು ಆಸಕ್ತಿ ಎಂದು ನನಗೆ ಅನ್ನಿಸಿದ್ದುಂಟು.

ಮಧ್ಯಾಹ್ನ ನಾನು ಹೋದಾಗಲೆಲ್ಲ ಆಕ್ಸಿಮೀಟರ್ ತೊಂಬತ್ತೈದರ ಆಸುಪಾಸು ಇರುತ್ತಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎಡಗಡೆಯೂ ಗಾಳಿ ಓಡಾಡುವುದು ಕೇಳುತ್ತಿತ್ತು. ಆದರೆ ಬೆಳಿಗ್ಗೆ ಮಹದೇವ ಅಳತೆ ನೋಡಿ ಮೈಸೂರಿನ ಸರ್ಜನ್‌ಗೆ ಫೋನಿನಲ್ಲಿ ಕಳಿಸುತ್ತಿದ್ದ ಸಂಖ್ಯೆ ಎಂಬತ್ತಾರು, ಎಂಬತ್ತೇಳು. ಒಂದೇ ಹೆಂಗಸು, ಅದೇ ಯಂತ್ರ, ಅದೇ ಬೆರಳು. ಸರ್ಜನ್ ನನಗೆ ಫೋನ್ ಮಾಡಿದರು. ಕಫ ಕಟ್ಟಿಕೊಂಡು ಉಳಿದ ಲೋಬ್ ಮುದುಡುತ್ತಿರಬಹುದು ಎಂಬುದು ಅವರ ಅನುಮಾನ. "ಮಧ್ಯಾಹ್ನ ಏರುತ್ತಿರುವುದರಿಂದ ಕಾಯುತ್ತಿದ್ದೇನೆ. ಮುಂದಿನ ವಾರ ತಪಾಸಣೆಗೆ ಬರುವಷ್ಟರಲ್ಲಿ ಸರಿಯಾಗದಿದ್ದರೆ ಅಡ್ಮಿಟ್ ಮಾಡಿಕೊಂಡು ಬ್ರಾಂಕೋಸ್ಕೋಪಿ ಮಾಡುತ್ತೇನೆ. ಕೀಮೋ ಮುಂದಕ್ಕೆ ಹೋಗುತ್ತದೆ," ಎಂದರು. ಬ್ರಾಂಕೋಸ್ಕೋಪಿ ಎಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು. ಅದು ದೊಡ್ಡ ಮಾತಲ್ಲ. ಕೀಮೋ ಮುಂದಕ್ಕೆ ಹೋಗುವುದು ದೊಡ್ಡ ಮಾತು. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಕಣಗಳಿಗೆ ಕೊಡುವ ಔಷಧಿ ಅದು. ಅದಕ್ಕೂ ಒಂದು ಹೊತ್ತು ಅಂತ ಇದೆ.

ನನಗೆ ಭಯಕ್ಕಿಂತ ಕುತೂಹಲ ಹೆಚ್ಚಾಯಿತು. ಮುದುಡಿದ ಲೋಬ್ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಅರಳಿ, ಮಾರನೆಯ ಬೆಳಿಗ್ಗೆ ಮತ್ತೆ ಮುದುಡುವುದಿಲ್ಲ, ಅದೇನು ತಾವರೆ ಹೂವೇ? ಬೆರಳು ತಣ್ಣಗಿದ್ದರೆ ಅಳತೆ ತಪ್ಪುತ್ತದೆ. ಉಜ್ಜಿ ಬಿಸಿ ಮಾಡಿ ನೋಡಲು ಹೇಳಿದೆ, ಸಂಖ್ಯೆ ಬದಲಾಗಲಿಲ್ಲ. ರಾತ್ರಿ ಚಪ್ಪಟೆ ಮಲಗುತ್ತಾರೇನೋ ಎಂದು ದಿಂಬು ಏರಿಸಿದೆವು, ಆಗಲೂ ಇಲ್ಲ. ಪೈಪು ಹಾಕಿಕೊಳ್ಳುತ್ತೀರಾ ಎಂದರೆ, "ಊಂ ಕಣವ್ವ, ಹಾಕ್ಕೊಂಡೇ ಮನಗ್ತೀನಿ," ಎಂದರು ಶಿವನಂಜಮ್ಮ. ಅದು ಸುಳ್ಳಲ್ಲ. ತಲೆಗೆ ಹುಳ ಬಿಟ್ಟಂತಾಗಿ, ಒಂದು ದಿನ ಮಧ್ಯಾಹ್ನದ ಬದಲು ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ನಾನು ಹೋದಾಗ ಬಿಸಿಲು ಇನ್ನೂ ಬಂದಿರಲಿಲ್ಲ. ಯಂತ್ರ ನಡುಮನೆಯಲ್ಲಿ ಸದ್ದು ಮಾಡುತ್ತಿತ್ತು, ಪೈಪು ಮಾತ್ರ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಶಿವನಂಜಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ದೇವರ ಕೋಣೆಯ ಮಣೆಯ ಮೇಲೆ ಕೂತಿದ್ದರು. ಕತ್ತಿನಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತುಟಿ ಒಣಗಿತ್ತು, ಭುಜ ಏರಿ ಇಳಿಯುತ್ತಿತ್ತು.

"ಪೈಪು ಯಾಕಮ್ಮ ತೆಗೆದಿದ್ದೀರಿ?"

"ಪೂಜೆ ಆಗ್ಲಿ ತಡಿ ಕೂಸು."

"ನೀರಾದರೂ ಕುಡಿದಿರಾ?"

"ಪೂಜೆಗ್ ಮುಂಚೆ ನೀರಾ!" ಎಂದು ನನ್ನನ್ನು ಆಶ್ಚರ್ಯದಿಂದ ನೋಡಿದರು.

ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಲಿಂಗಪೂಜೆಯಾಗುವವರೆಗೆ ಹನಿ ನೀರೂ ಮುಟ್ಟದವರು ಇದ್ದಾರೆಂದು ಕೇಳಿದ್ದೆ, ಕಂಡಿರಲಿಲ್ಲ. ಹಾಗಾದರೆ ಪೂಜೆ ಯಾಕೆ ಇನ್ನೂ ಆಗಿಲ್ಲ? ಸುಧಾ ಹೇಳಿದಳು: "ಅವ್ರು ಬರ್ಬೇಕಲ್ಲ ಮೇಡಂ. ಅವ್ರಿಲ್ದೆ ದೀಪ ಹಚ್ಚಂಗಿಲ್ಲ."

ಅವ್ರು ಎಂದರೆ ಮಹದೇವ. ರಾತ್ರಿ ಪಾಳಿ ಮುಗಿಸಿ, ಬಸ್ಸು ಹಿಡಿದು ಅವನು ಬರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿತ್ತು. ಬಂದವನೇ ಚಪ್ಪಲಿ ಬಿಟ್ಟು, ಯಂತ್ರದ ಪ್ಲಗ್ ಕಿತ್ತು, ಕಿಟಕಿ ಬಾಗಿಲುಗಳನ್ನೆಲ್ಲ ತೆಗೆದ. ಆಮೇಲೆ ಒಂದು ಟವೆಲ್ ತೆಗೆದುಕೊಂಡು ಮೂಲೆ ಮೂಲೆಯಿಂದ ಗಾಳಿಯನ್ನು ಆಚೆಗೆ ಬೀಸತೊಡಗಿದ. ದನ ಅಟ್ಟಿದ ಹಾಗೆ ಆಕ್ಸಿಜನ್ ಅಟ್ಟುತ್ತಿದ್ದ. ನಗು ತಡೆದುಕೊಂಡು ಏನಿದು ಎಂದು ಕೇಳಿದೆ.

"ಸೇಫ್ಟಿ ಮೇಡಂ. ನಮ್ ಫ್ಯಾಕ್ಟ್ರೀಲಿ ಟ್ರೈನಿಂಗ್ ಕೊಟ್ಟವ್ರೆ. ಆಕ್ಸಿಜನ್ ಇರೋ ಕಡೆ ಒಂದ್ ಕಿಡಿ ಬಿದ್ರೂ ಮುಗೀತು. ಪೂರ್ತಿ ಖಾಲಿ ಆಗೋಗಂಟ ದೀಪ ಹಚ್ಚಕ್ಕೆ ಬುಡಾಕಿಲ್ಲ ನಾನು."

ಅವನು ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ. ಮೂಗಿನಲ್ಲಿ ಆಕ್ಸಿಜನ್ ಪೈಪು ಇಟ್ಟುಕೊಂಡು ದೀಪದ ಹತ್ತಿರ ಕೂರಬಾರದು. ಕಿಡಿ ಬಿದ್ದರೆ ಬಟ್ಟೆ, ಪೈಪು, ಮುಖ ಎಲ್ಲ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಆದರೆ ಈ ಯಂತ್ರ ನಿಲ್ಲಿಸಿ ಕಿಟಕಿ ತೆಗೆದ ಮೇಲೆ ಕೋಣೆಯಲ್ಲಿ ಉಳಿಯುವುದು ನಮ್ಮ ನಿಮ್ಮ ಗಾಳಿಯೇ. ಅದನ್ನು ಹೇಳಿದೆ. ಅವನು ತಲೆಯಾಡಿಸಿ, ಇನ್ನೂ ನಾಲ್ಕು ಸಲ ಟವೆಲ್ ಬೀಸಿದ. ತಾಯಿಯ ಮೇಲಿನ ಪ್ರೀತಿಗೆ ಹೀಗೆ ಟವೆಲ್ ಬೀಸುವ ರೂಪವೂ ಇರುತ್ತದೆ ಎಂದುಕೊಂಡೆ.

ಅಂತೂ ಸುಧಾ ದೀಪ ಹಚ್ಚಿದಳು. ಪೂಜೆಯ ಹೊತ್ತಿನಲ್ಲಿ ಉಸಿರು ಹೇಗಿರುತ್ತದೆ ನೋಡಬೇಕು, ಒಳಗೆ ಬರಬಹುದೇ ಎಂದು ಕೇಳಿದೆ. ಸುಧಾ ಅತ್ತೆಯ ಮುಖ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತು. ಇಂಥ ಹೊಸ್ತಿಲುಗಳ ಮುಂದೆ ನಿಲ್ಲುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಶಿವನಂಜಮ್ಮ ಮಾತ್ರ ತಿರುಗಿಯೂ ನೋಡದೆ, "ಬಾ ಕೂಸು. ಉಸ್ರು ನೋಡಾಕ್ ಬಂದೋಳು ಬಾಗ್ಲಲ್ಲಿ ನಿಂತ್ರೆ ಏನ್ ಕಂಡಾತು?" ಎಂದರು. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಮನಸ್ಸು ತುಂಬಿ ಬಂತು. ಅದನ್ನು ತೋರಿಸಿಕೊಳ್ಳದೆ ಅವರ ಬಲಗೈ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ.

ಅವರು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟಲಿಂಗ ಎಡಗೈಯಲ್ಲೇ ಇರಬೇಕು. ಎದೆಯ ಮಟ್ಟಕ್ಕೆ ಎತ್ತಿ, ದೃಷ್ಟಿ ಅದರ ಮೇಲೆ ನೆಟ್ಟು ಕೂರಬೇಕು. ಡಾಕ್ಟರರು ಕುಯ್ದದ್ದೂ ಎಡಗಡೆಯೇ. ಇವರು ಆ ಒಂದು ವ್ಯಾಯಾಮವನ್ನು ಯಾಕೆ ಬಿಡದೆ ಮಾಡುತ್ತಿದ್ದರೆಂದು ತಿಳಿಯಿತು. ಕೈ ನಡುಗುತ್ತಿತ್ತು. ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೊಂಡರು. ಲಿಂಗ ಜಾರಿ ನೆಲಕ್ಕೆ ಬಿದ್ದರೆ ಅದಕ್ಕಿಂತ ದೊಡ್ಡ ಅನಾಹುತವಿಲ್ಲ ಎಂದು ನಂಬಿ ಬೆಳೆದ ಜೀವ. ಆ ಭಯಕ್ಕೆ ಅವರು ಉಸಿರನ್ನೇ ಬಿಗಿಹಿಡಿದುಬಿಟ್ಟಿದ್ದರು. ಎದೆ ಅಲ್ಲಾಡುತ್ತಲೇ ಇರಲಿಲ್ಲ. ನನ್ನ ಕಣ್ಣೆದುರಿಗೇ ಸಂಖ್ಯೆ ತೊಂಬತ್ತೊಂದರಿಂದ ಇಳಿಯುತ್ತಾ ಎಂಬತ್ತಾರಕ್ಕೆ ಬಂತು. ಪೂಜೆ ಮುಗಿದು ಲಿಂಗ ಕರಡಿಗೆಗೆ ಸೇರಿದ ಮೇಲೆ ದೊಡ್ಡದೊಂದು ಉಸಿರು ಬಿಟ್ಟು ಕೆಮ್ಮಿದರು. ಅಂಟಾದ ಕಫ, ಬರಲೊಲ್ಲದು. ಮಹದೇವ ದಿನಾ ಅಳತೆ ನೋಡುತ್ತಿದ್ದುದು ಸರಿಯಾಗಿ ಈ ಹೊತ್ತಿನಲ್ಲಿ.

ಅಂದರೆ ಎದ್ದಾಗಿನಿಂದ ಮಗ ಬರುವವರೆಗೆ ಆಕ್ಸಿಜನ್ ಇಲ್ಲ, ನೀರೂ ಇಲ್ಲ, ಕೊನೆಗೆ ಉಸಿರೂ ಇಲ್ಲ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಅವರಿಗೆ ಇದೂ ಅಷ್ಟೇ ಸಹಜ.

ನೀರು ಬಿಡುವುದು ಸರಿ, ಪೈಪನ್ನು ಯಾಕೆ ಬಿಡುತ್ತೀರಿ, ದೀಪ ಹಚ್ಚುವವರೆಗಾದರೂ ಹಾಕಿಕೊಳ್ಳಬಹುದಲ್ಲ ಎಂದೆ. ಶಿವನಂಜಮ್ಮ ಯಂತ್ರದ ಕಡೆ ಬೆರಳು ತೋರಿಸಿದರು.

"ಆ ಸೀಸೇಲಿ ನೀರು ಬುಳುಬುಳು ಅಂತದಲ್ಲ, ಅದೇ ತಾನೆ ಮೂಗ್ನಾಗೆ ಒಳಕ್ಕೋಗೋದು? ಪೂಜೆಗ್ ಮುಂಚೆ ನೀರು ಕುಡ್ದಂಗಾಗಾಕಿಲ್ವಾ?"

ನಾಲ್ಕೂವರೆ ವರ್ಷದ ಓದಿನಲ್ಲಿ ಆಕ್ಸಿಜನ್ ಬಗ್ಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೂಗಿನಿಂದ ಹೋದ ತೇವ ಉಪವಾಸ ಮುರಿಯುತ್ತದೆಯೇ? ಸೀಸೆಯ ನೀರು ದಿನದಿನಕ್ಕೆ ಕಡಿಮೆಯಾಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದರೆ ಅವರೊಳಕ್ಕೇ ಎನ್ನಬೇಕು. ಸುಳ್ಳು ಹೇಳುವ ಹಾಗಿಲ್ಲ. ಬೇರೆ ದಾರಿ ಹಿಡಿದೆ: "ಚಳಿಗಾಲದಲ್ಲಿ ಹೊಳೆ ಕಡೆ ಮಂಜು ಕವಿದಿರುತ್ತಲ್ಲಮ್ಮ, ಆ ಗಾಳಿಯಲ್ಲೂ ನೀರಿದೆ. ಆಗ ಉಸಿರಾಡದೆ ಇರುತ್ತಿದ್ದಿರಾ?"

ಅವರು ಮತ್ತೆ ಸೀಸೆಯ ಕಡೆ ನೋಡಿದರು. "ಅದು ದೇವ್ರು ಕೊಟ್ಟದ್ದು. ಇದು ಕರೆಂಟು ಕೊಟ್ಟದ್ದು."

ಮಹದೇವನಿಗೆ ತಡೆಯಲಾಗಲಿಲ್ಲ. "ಅವ್ವ, ಮಠಕ್ಕೆ ಫೋನ್ ಮಾಡಿ ಅಯ್ನೋರ್ನೇ ಕೇಳ್ತೀನಿ. ಕಾಯ್ಲೆಯೋರ್ಗೆ ನೇಮ ಬುಡಿ ಅಂತಾರೆ."

"ಅಂತಾರೆ ಅಂತ ನಂಗೂ ಗೊತ್ತು. ಅದ್ಕೇ ಕೇಳಾಕಿಲ್ಲ," ಎಂದರು ಶಿವನಂಜಮ್ಮ. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ ಹೇಳಿದರು: "ಆಸ್ಪತ್ರೇಲಿ ಎಲ್ಲಾನೂ ಕಿತ್ಕೊಂಡ್ರು ಕೂಸು. ಸೀರೆ, ಬಳೆ, ಒಂದ್ ಕಡೆ ಉಸ್ರು. ಇದೊಂದು ನನ್ ಕೈಲೇ ಆಗ್ಲಿ ಅಂತ."

ಪೂಜೆ ಬಿಡಿಸಿ ಉಸಿರು ಉಳಿಸುವುದು ಸುಲಭ. ಆದರೆ ಪೂಜೆ ಬಿಟ್ಟರೆ ಈ ಹೆಂಗಸು ನನ್ನ ವ್ಯಾಯಾಮವನ್ನೂ ಬಿಡುತ್ತಾರೆ, ಪೈಪನ್ನೂ ಬಿಡುತ್ತಾರೆ ಎಂಬುದು ಖಚಿತವಾಗಿ ಕಂಡಿತು. ಅಂಗಳಕ್ಕೆ ಹೋಗಿ ಸರ್ಜನ್‌ಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಗಂಭೀರರಾದರು. ನಾನು ಕೇಳಿದ್ದು ಒಂದೇ ಪ್ರಶ್ನೆ. ಇವರಿಗೆ ನಿಮಿಷಕ್ಕೆ ಎರಡು ಲೀಟರ್ ಮಾತ್ರ ಆಕ್ಸಿಜನ್ ಹೋಗುತ್ತಿದೆ. ಇಷ್ಟು ಕಡಿಮೆ ಹರಿವಿಗೆ ನೀರಿನ ಸೀಸೆ ಕಡ್ಡಾಯವಲ್ಲ; ಮೂಗು ತಾನೇ ಗಾಳಿಯನ್ನು ತೇವ ಮಾಡಿಕೊಳ್ಳುತ್ತದೆ. ಸೀಸೆ ತೆಗೆದುಬಿಡಲೇ? "ತೆಗೆಯಿರಿ. ಪೂಜೆ ಆದ ತಕ್ಷಣ ಚೆನ್ನಾಗಿ ನೀರು ಕುಡಿಸಿ," ಎಂದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸೀಸೆ ಬಿಚ್ಚಿ ಪೈಪನ್ನು ನೇರವಾಗಿ ಯಂತ್ರಕ್ಕೆ ಜೋಡಿಸಿದೆ. ಶಿವನಂಜಮ್ಮ ಪೈಪಿನ ತುದಿಯನ್ನು ಕೆನ್ನೆಗೆ ಹಿಡಿದು ನೋಡಿದರು, ಕಿವಿಗೆ ಹಿಡಿದು ಕೇಳಿದರು. ಬುಳುಬುಳು ಇಲ್ಲ. "ಬರೀ ಗಾಳಿ," ಎಂದು ಒಪ್ಪಿದರು. ದೀಪದ ಗಂಟನ್ನು ಅವರೇ ಬಿಡಿಸಿದರು. ಎದ್ದು ಮಿಂದ ಕೂಡಲೇ ನಡುಮನೆಯಲ್ಲಿ ನೀರು, ವಿಭೂತಿ, ಪತ್ರೆ, ಹೂವಿನಿಂದ ತಮ್ಮ ಲಿಂಗಪೂಜೆ. ಮಗ ಬಂದ ಮೇಲೆ ಅವನ ನೇಮದ ಪ್ರಕಾರವೇ ದೇವರ ಕೋಣೆಯಲ್ಲಿ ಮನೆಯ ದೀಪ. "ಲಿಂಗ ಕೈಲಿರೋವಾಗ ದೀಪ ಕೋಣೇಲಿದ್ರೇನು, ಎಲ್ಲಿದ್ರೇನು," ಎಂದರು. ಪೈಪು ಮೂಗಿನಲ್ಲಿರುವಷ್ಟು ಹೊತ್ತು ಊದುಬತ್ತಿಯನ್ನೂ ಹಚ್ಚಬಾರದೆಂದು ಮಹದೇವ ಸೇರಿಸಿದ. ಅವನ ಟ್ರೈನಿಂಗ್ ಅಲ್ಲಿ ಸರಿಯಾಗಿ ಉಪಯೋಗಕ್ಕೆ ಬಂತು.

ಉಳಿದದ್ದು ನಡುಗುವ ಕೈ, ಬಿಗಿದ ಉಸಿರು. ಅವತ್ತಿನಿಂದ ತಪಾಸಣೆಯ ದಿನದವರೆಗೆ ನಾನು ದಿನಾ ಬೆಳಿಗ್ಗೆ ಹೋದೆ. ಲಿಂಗದ ಬದಲು ಒಂದು ನಿಂಬೆಹಣ್ಣನ್ನು ಎಡ ಅಂಗೈಯಲ್ಲಿಟ್ಟೆ, ಬಿದ್ದರೆ ಪಾಪವಿಲ್ಲ. ಮೊಣಕೈ ಕೆಳಗೆ ದಿಂಬು. ಕೈ ಎತ್ತುವಾಗ ಉಸಿರು ಆಚೆಗೆ, ತುಟಿ ಕಿರಿದು ಮಾಡಿ, ಬಿಸಿ ಹಾಲು ಆರಿಸುವ ಹಾಗೆ ನಿಧಾನಕ್ಕೆ. ಎತ್ತಿ ಹಿಡಿದ ಮೇಲೆ ಮೂಗಿನಿಂದ ಒಳಗೆ. ಮೊದಲ ದಿನ ನಿಂಬೆಹಣ್ಣು ಬಿದ್ದು ಮಂಚದ ಕೆಳಗೆ ಉರುಳಿತು. ತೆಗೆಯಲು ಬಗ್ಗಿದ ಸುಧಾ ಜೊತೆಗೆ ಮೂರು ಚೆಂಡಿನ ಉಪಕರಣವನ್ನೂ ಎಳೆದು ತಂದಳು. ಶಿವನಂಜಮ್ಮ ಪಕ್ಕೆ ಹಿಡಿದುಕೊಂಡು ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿಗೆ ಕಫ ಬಂತು. ನಾನು ಅಷ್ಟು ದಿನ ಬೆನ್ನು ತಟ್ಟಿದರೂ ಬಾರದ್ದು ಅದು.

ಎಣಿಸುವುದು ಅವರಿಗೆ ಬೇಜಾರು. ಹಾಗಾಗಿ "ಓಂ ನಮಃ ಶಿವಾಯ" ಎಂದು ಎಳೆದು ಹೇಳುತ್ತಾ ಉಸಿರು ಬಿಡಿ, ಸುಮ್ಮನಿದ್ದು ಎಳೆದುಕೊಳ್ಳಿ ಎಂದೆ. ಮಂತ್ರ ಹೇಳುವಾಗ ಉಸಿರು ಬಿಗಿಹಿಡಿಯಲು ಆಗುವುದಿಲ್ಲ. ದಿನದಿನಕ್ಕೆ ಆ "ಯ" ಉದ್ದವಾಗುತ್ತಾ ಹೋಯಿತು. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಉಸಿರು ಬಂದು ಹೋಗುವುದನ್ನು ಗಮನಿಸುವುದು ಅವರ ಅಭ್ಯಾಸ. "ಅವ್ರು ಲಿಂಗ ನೋಡ್ತಾರೆ, ನಾವು ಉಸ್ರು ನೋಡ್ತೀವಿ. ಇಬ್ರೂ ಅಳ್ಳಾಡ್ದಂಗೆ ಕೂತ್ಕೋಬೇಕಲ್ಲ ಮಗ," ಎಂದರು.

ತಪಾಸಣೆಯ ದಿನದ ಬೆಳಿಗ್ಗೆ, ಪೂಜೆ ಮುಗಿದ ಕೂಡಲೇ ನೋಡಿದ ಅಳತೆ ತೊಂಬತ್ತನಾಲ್ಕು. ಮೈಸೂರಿಗೆ ನಾನೂ ಜೊತೆಗೆ ಹೋದೆ. ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಲಂಗ್ ಚೆನ್ನಾಗಿ ತೆರೆದುಕೊಂಡಿದೆ. ಬ್ರಾಂಕೋಸ್ಕೋಪಿ ಬೇಡ. ಕೀಮೋ ಶುರು ಮಾಡೋಣ," ಎಂದರು. ಮಹದೇವ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ. ಕೀಮೋ ಸುಲಭವಾಗಿರಲಿಲ್ಲ; ಕೂದಲು ಹೋಯಿತು, ಊಟ ಸೇರದಾಯಿತು. ಪೂಜೆ ಮಾತ್ರ ತಪ್ಪಲಿಲ್ಲ. ಅದರ ನಡುವೆಯೇ ಆಕ್ಸಿಜನ್ ಬೇಡವಾಗಿ ಯಂತ್ರ ವಾಪಸಾಯಿತು.

ಈಗಲೂ ಹೊಸ ರೋಗಿಯ ಮನೆಗೆ ಹೋದರೆ ನಾನು ಮೊದಲು ಆಕ್ಸಿಮೀಟರ್ ತೆಗೆಯುವುದಿಲ್ಲ. ಎದ್ದ ಮೇಲೆ ಮೊದಲು ಏನು ಮಾಡುತ್ತೀರಿ, ಏನಾಗುವವರೆಗೆ ಏನು ಮುಟ್ಟುವುದಿಲ್ಲ ಎಂದು ಕೇಳುತ್ತೇನೆ. ಒಬ್ಬರು ನಮಾಜು ಎನ್ನುತ್ತಾರೆ, ಒಬ್ಬರು ದನದ ಕೊಟ್ಟಿಗೆ ಎನ್ನುತ್ತಾರೆ. ಯಂತ್ರ ಎಷ್ಟು ಎಂದು ಮಾತ್ರ ಹೇಳುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಅವರ ಬೆಳಗಿನೊಳಗೆ ಹೋಗಿ ಕೂರಬೇಕು, ಅವರು ಕರೆದರೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಕೀಮೋ ಮುಗಿದ ಮೇಲಿನ ಮೊದಲ ಸ್ಕ್ಯಾನಿಗೆ ನಾನೂ ಹೋಗಿದ್ದೆ. ಫಲಿತಾಂಶಕ್ಕಾಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಬಾಗಿಲು ತೆರೆದು ನರ್ಸ್ ಹೆಸರು ಕೂಗಿದಾಗ ಮಹದೇವ ಎದ್ದು ನಿಂತವನು ಅಲ್ಲೇ ಮರಗಟ್ಟಿಹೋದ. ಶಿವನಂಜಮ್ಮ ಕೂತಲ್ಲಿಂದಲೇ ಎಡಗೈ ಎತ್ತಿ ಅವನ ಬೆನ್ನ ಮೇಲಿಟ್ಟರು.

"ಯಾಕ್ಲಾ ಉಸ್ರಿಡ್ಕೊಂಡು ನಿಂತಿದ್ದೀಯೆ? ಒಳಗ್ ಏನಾರ ಅನ್ಲಿ. ಮೊದ್ಲು ಉಸ್ರು ಬುಡು ಆಚೆಗೆ. ನಿಧಾನುಕ್ಕೆ."

ಅವನು ಬಿಟ್ಟ. ನಾನೂ ಬಿಟ್ಟೆ. ಆಮೇಲೆ ಮೂವರೂ ಒಳಗೆ ಹೋದೆವು.